ಮಘೆ ಮಳೆ ಬಾರದ ವರ್ಷ

ಮುಂಗಾರು ಮುಗಿಯುವ ಹೊತ್ತಿಗೆ ಪತ್ರಿಕೆಗಳಲ್ಲಿ ಒಂದು ಪಟ್ಟಿ ಪ್ರಕಟವಾಗುತ್ತದೆ. ಮೊದಲು ಜಿಲ್ಲೆಯ ಹೆಸರು, ಆಮೇಲೆ ವಾಡಿಕೆ ಮಳೆ, ಬಿದ್ದ ಮಳೆ, ಕೊನೆಯಲ್ಲಿ ಶೇಕಡ ಎಷ್ಟು ಹೆಚ್ಚು ಅಥವಾ ಎಷ್ಟು ಕಡಿಮೆ ಎಂಬ ಲೆಕ್ಕ. ಪೇಟೆಯಲ್ಲಿ ಓದುತ್ತಿರುವ ಹುಡುಗನೊಬ್ಬ ಅದನ್ನು ನೋಡಿ, ಊರಿನಿಂದ ಬಂದ ತಾತನನ್ನು ಕೇಳುತ್ತಾನೆ ಎಂದಿಟ್ಟುಕೊಳ್ಳಿ: ‘ನಮ್ಮ ಜಿಲ್ಲೆಗೆ ವಾಡಿಕೆಗಿಂತ ಸ್ವಲ್ಪವೇ ಕಡಿಮೆ ಬಿದ್ದಿದೆಯಲ್ಲ ತಾತ, ಹಾಗಿದ್ದರೂ ಬೆಳೆ ಏಕೆ ಬರಲಿಲ್ಲ?’ ತಾತ ಕೊಡುವ ಉತ್ತರ ಚಿಕ್ಕದು: ‘ಬಿದ್ದಿದೆ ಮಗ. ಬೀಳಬೇಕಾದಾಗ ಬೀಳಲಿಲ್ಲ.’

ಹುಡುಗ ಓದಿದ ಅಂಕಿಯೂ ಸುಳ್ಳಲ್ಲ, ತಾತನ ಮಾತೂ ಸುಳ್ಳಲ್ಲ. ಇವೆರಡರ ನಡುವೆ ಇರುವ ವ್ಯತ್ಯಾಸವನ್ನು ತಿಳಿಯಲು 2023ರ ಮುಂಗಾರಿಗಿಂತ ಒಳ್ಳೆಯ ಪಾಠ ಬೇರೆ ಸಿಗಲಾರದು. ಆ ವರ್ಷ ನೈರುತ್ಯ ಮಾರುತ ಕೇರಳವನ್ನು ಮುಟ್ಟಿದ್ದೇ ಜೂನ್ 8ರಂದು, ಅಂದರೆ ಒಂದು ವಾರ ತಡವಾಗಿ. ಜೂನ್ ತಿಂಗಳಲ್ಲಿ ಕರ್ನಾಟಕದಲ್ಲಿ ವಾಡಿಕೆಗಿಂತ ಶೇ. 56ರಷ್ಟು ಕಡಿಮೆ ಮಳೆಯಾಯಿತು. ಜುಲೈನಲ್ಲಿ ಕೊರತೆ ಹೋಗಲಿ, ಶೇ. 29ರಷ್ಟು ಹೆಚ್ಚೇ ಸುರಿಯಿತು. ಕೆರೆಗಳು ತುಂಬಿದವು, ರೈತರು ಅವಸರ ಅವಸರವಾಗಿ ಬಿತ್ತಿದರು. ಆಗಸ್ಟಿನಲ್ಲಿ ಮತ್ತೆ ಶೇ. 73ರಷ್ಟು ಕೊರತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳನ್ನು ಕೂಡಿಸಿ ನೋಡಿದರೆ 852 ಮಿ.ಮೀ. ಬೀಳಬೇಕಾದ ಕಡೆ 642 ಮಿ.ಮೀ. ಬಿದ್ದಿತ್ತು. ಅಂದರೆ ಕೊರತೆ ಶೇ. 25.

ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ಸುಲಭ. ಮಳೆ ಮುಕ್ಕಾಲು ಪಾಲು ಬಂದಿದೆ, ಬೆಳೆಯೂ ಮುಕ್ಕಾಲು ಪಾಲು ಬಂದೀತು ಎಂದು ಯಾರಾದರೂ ಹೇಳಬಹುದು. ಆದದ್ದೇ ಬೇರೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಸುಮಾರು 48 ಲಕ್ಷ ಹೆಕ್ಟೇರ್ ಪ್ರದೇಶದ ಬೆಳೆ ಹಾನಿಯಾಯಿತೆಂದು ಸರ್ಕಾರ ಲೆಕ್ಕ ಹಾಕಿತು. ಕಾಲು ಭಾಗದ ಮಳೆ ಕೊರತೆ ಇಷ್ಟು ದೊಡ್ಡ ನಷ್ಟವನ್ನು ತಂದದ್ದು ಹೇಗೆ? ಜುಲೈನಲ್ಲಿ ಹೆಚ್ಚಾಗಿ ಬಿದ್ದ ನೀರು ಆಗಸ್ಟಿಗೆ ಏಕೆ ಒದಗಲಿಲ್ಲ?

ಉತ್ತರ ಆಕಾಶದಲ್ಲಿಲ್ಲ, ಮಣ್ಣಿನಲ್ಲಿದೆ.

ಬೆಳೆ ನೀರು ಕುಡಿಯುವುದು ಮೋಡದಿಂದಲ್ಲ, ತನ್ನ ಬೇರು ಇಳಿದಿರುವಷ್ಟು ಆಳದ ಮಣ್ಣಿನಿಂದ. ಆ ಮಣ್ಣನ್ನು ಒಂದು ತಂಬಿಗೆ ಎಂದು ಭಾವಿಸಿ. ತಂಬಿಗೆಗೆ ಒಂದು ಕೊಡ ನೀರು ಸುರಿದರೂ ಉಳಿಯುವುದು ಒಂದು ತಂಬಿಗೆ ನೀರು ಮಾತ್ರ. ಮಿಕ್ಕದ್ದು ಹರಿದು ಹಳ್ಳ ಸೇರುತ್ತದೆ ಅಥವಾ ಬೇರಿಗೆ ಸಿಗದಷ್ಟು ಆಳಕ್ಕೆ ಇಳಿಯುತ್ತದೆ. ತುಮಕೂರು, ಕೋಲಾರ, ಚಿತ್ರದುರ್ಗದ ಕಡೆಯ ಮರಳುಮಿಶ್ರಿತ ಕೆಂಪು ಮಣ್ಣಿನದು ಚಿಕ್ಕ ತಂಬಿಗೆ. ಒಂದು ಮೀಟರ್ ಆಳದ ಇಂಥ ಮಣ್ಣು ಬೆಳೆ ಹೀರಬಲ್ಲ ರೂಪದಲ್ಲಿ ಹಿಡಿದಿಡುವ ನೀರು ಹೆಚ್ಚೆಂದರೆ 100 ಮಿ.ಮೀ. ಬೇರು ಅರ್ಧ ಮೀಟರ್ ಮಾತ್ರ ಇಳಿದಿದ್ದರೆ 50 ಮಿ.ಮೀ. ವಿಜಯಪುರ, ಗದಗ, ಕಲಬುರಗಿಯ ಆಳವಾದ ಎರೆ ಮಣ್ಣಿನದು ದೊಡ್ಡ ತಂಬಿಗೆ. ಅದು ಒಂದು ಮೀಟರಿಗೆ 150ರಿಂದ 200 ಮಿ.ಮೀ.ವರೆಗೂ ಹಿಡಿಯಬಲ್ಲದು. ಎರೆ ಮಣ್ಣಿನ ಕಣಗಳು ಅತಿ ಸಣ್ಣವು. ಕಣ ಸಣ್ಣದಾದಷ್ಟೂ ನೀರು ಅಂಟಿಕೊಳ್ಳಲು ಸಿಗುವ ಮೇಲ್ಮೈ ಹೆಚ್ಚು.

ಇನ್ನು ಖರ್ಚಿನ ಕಡೆ ನೋಡೋಣ. ಹೂ ಬಿಡುವ ವಯಸ್ಸಿನ ಬೆಳೆ, ಮೋಡವಿಲ್ಲದ ಆಗಸ್ಟ್ ತಿಂಗಳ ಒಂದು ದಿನದಲ್ಲಿ, ಎಲೆಗಳ ಮೂಲಕ ಆವಿಯಾಗಿ ಬಿಡುವುದೂ ನೆಲದಿಂದ ನೇರವಾಗಿ ಆರಿಹೋಗುವುದೂ ಸೇರಿ ಸುಮಾರು 4ರಿಂದ 5 ಮಿ.ಮೀ. ನೀರನ್ನು ಕಳೆಯುತ್ತದೆ. ಐದು ಮಿಲಿಮೀಟರ್ ಎಂದರೆ ಅಳತೆಪಟ್ಟಿಯ ಮೇಲೆ ಏನೂ ಅಲ್ಲ. ಆದರೆ ಒಂದು ಎಕರೆ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಎಂದರೆ ನಾಲ್ಕು ಸಾವಿರ ಲೀಟರಿಗೂ ಸ್ವಲ್ಪ ಹೆಚ್ಚು ನೀರು. ಬೇಸಿಗೆಯಲ್ಲಿ ಪೇಟೆಯ ಬೀದಿಗೆ ಬರುವ ಸಾಧಾರಣ ಟ್ಯಾಂಕರ್‌ಗಳ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಎಕರೆ ಬೆಳೆ ದಿನಕ್ಕೆ ನಾಲ್ಕೈದು ಟ್ಯಾಂಕರ್ ನೀರು ಕುಡಿಯುತ್ತದೆ. ಮಳೆ ನಿಂತಾಗ ‘ಬೋರ್‌ವೆಲ್‌ನಿಂದ ಹಾಯಿಸಿಕೊಳ್ಳಬಾರದೇ?’ ಎಂದು ಸುಲಭವಾಗಿ ಕೇಳುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಈಗ ಎರಡನ್ನೂ ಸೇರಿಸಿ. ಜುಲೈ ಕೊನೆಯಲ್ಲಿ ಎರಡು ದಿನ ಜಡಿಮಳೆ ಹೊಡೆದು 100 ಮಿ.ಮೀ. ಬಿತ್ತು. ಮಳೆಮಾಪಕದಲ್ಲಿ ಪೂರ್ತಿ 100 ದಾಖಲಾಯಿತು. ಕೆಂಪು ಮಣ್ಣಿನ ಹೊಲ ಹಿಡಿದುಕೊಂಡದ್ದು 50. ದಿನಕ್ಕೆ ಐದರಂತೆ ಖರ್ಚಾದರೆ ಹತ್ತನೆಯ ದಿನಕ್ಕೆ ತಂಬಿಗೆ ಖಾಲಿ. ನಿಜವಾಗಿ ಬೆಳೆ ಬಾಡತೊಡಗುವುದು ಅದಕ್ಕಿಂತ ಮುಂಚೆಯೇ. ತಂಬಿಗೆಯ ತಳದ ನೀರನ್ನು ಎಳೆದುಕೊಳ್ಳಲು ಬೇರಿಗೆ ಮೇಲಿನ ನೀರಿಗಿಂತ ಹೆಚ್ಚು ಕಷ್ಟ. ಎರೆ ಹೊಲದಲ್ಲಿ ಅದೇ ಬೆಳೆ ಇನ್ನೂ ಕೆಲವು ದಿನ ತಡೆದೀತು. ಮಳೆ ನಿಂತು ಹದಿನೈದು ದಿನವಾದಾಗ ಬಸ್ಸಿನ ಕಿಟಕಿಯಿಂದ ನೋಡಿದರೆ ಒಂದು ಹೊಲ ಹಸಿರಾಗಿ, ಪಕ್ಕದ ಹೊಲ ಬೂದು ಬಣ್ಣಕ್ಕೆ ತಿರುಗಿ ನಿಂತಿರುವುದು ಕಾಣುತ್ತದೆ. ಅಂಥ ಕಡೆ ಬೆಳೆಗಿಂತ ಮೊದಲು ಮಣ್ಣಿನ ಬಣ್ಣ ನೋಡುವುದು ಒಳ್ಳೆಯದು.

2023ರ ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟದ್ದು ಹತ್ತು ದಿನವಲ್ಲ, ಹೆಚ್ಚುಕಡಿಮೆ ಇಡೀ ತಿಂಗಳು.

ಅಷ್ಟು ದಿನ ಬೆಳೆ ಬಾಯಾರಿದ್ದರೂ ಸೆಪ್ಟೆಂಬರಿನಲ್ಲಿ ಮಳೆ ಬಂದ ಮೇಲೆ ಚೇತರಿಸಿಕೊಳ್ಳಬಹುದಲ್ಲ ಎಂಬ ಪ್ರಶ್ನೆ ಸಹಜ. ಕೆಲವು ಬೆಳೆ ಚೇತರಿಸಿಕೊಳ್ಳುತ್ತವೆ. ಕೆಲವಕ್ಕೆ ಅದು ಸಾಧ್ಯವೇ ಇಲ್ಲ, ಏಕೆಂದರೆ ಅವುಗಳ ಜೀವನದಲ್ಲಿ ಒಂದು ವಾರ ಮಾತ್ರ ಮತ್ತೆ ಮರಳಿ ಬರುವುದಿಲ್ಲ. ದಾವಣಗೆರೆ, ಹಾವೇರಿ ಜಿಲ್ಲೆಗಳ ತುಂಬ ಬೆಳೆಯುವ ಮೆಕ್ಕೆಜೋಳವನ್ನೇ ತೆಗೆದುಕೊಳ್ಳಿ. ಹಾವೇರಿಯವರು ಇದನ್ನು ಗೋವಿನಜೋಳ ಎನ್ನುತ್ತಾರೆ. ಗಿಡದ ತುದಿಯಲ್ಲಿ ಮೂಡುವ ಸೂಲಂಗಿ ಗಂಡು ಹೂ. ನಡುಭಾಗದ ಎಳೆ ತೆನೆಯೇ ಹೆಣ್ಣು ಹೂಗಳ ಗೊಂಚಲು. ತೆನೆಯ ತುದಿಯಿಂದ ಹೊರಬರುವ ರೇಷ್ಮೆಯಂಥ ಎಳೆಗಳನ್ನು ಮಕ್ಕಳು ಗಡ್ಡ ಮೀಸೆ ಮಾಡಿಕೊಂಡು ಆಡುತ್ತಾರೆ. ಆ ಪ್ರತಿಯೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಮೇಲಿನಿಂದ ಉದುರಿದ ಪರಾಗ ಆ ಎಳೆಯ ಮೇಲೆ ಕೂತು, ಮೊಳೆತು, ಎಳೆಯುದ್ದಕ್ಕೂ ಕೆಳಗಿಳಿದರೆ ಮಾತ್ರ ಒಂದು ಕಾಳು. ಹೀಗೆ ನಾಲ್ಕೈದು ನೂರು ಸಲ ಆದರೆ ಒಂದು ತುಂಬಿದ ತೆನೆ.

ನೀರು ಸಾಲದಾದಾಗ ಏನಾಗುತ್ತದೆ? ಸೂಲಂಗಿ ತನ್ನ ಹೊತ್ತಿಗೆ ಸರಿಯಾಗಿ ಪರಾಗ ಉದುರಿಸಿ ಕೈತೊಳೆದುಕೊಳ್ಳುತ್ತದೆ. ರೇಷ್ಮೆ ಎಳೆ ಬೆಳೆಯಲು ಮಾತ್ರ ನೀರು ಬೇಕು; ನೀರಿಲ್ಲದೆ ಅದು ಹೊರಬರುವುದು ಕೆಲವು ದಿನ ತಡವಾಗುತ್ತದೆ. ಎಳೆ ಬಂದಾಗ ಪರಾಗವಿಲ್ಲ, ಪರಾಗವಿದ್ದಾಗ ಎಳೆ ಬಂದಿರಲಿಲ್ಲ. ಬಂದ ಎಳೆಯೂ ಬಿಸಿಲಿಗೆ ಒಣಗಿದರೆ ಪರಾಗ ಅದರ ಮೇಲೆ ಮೊಳೆಯದು. ಆಮೇಲೆ ಎಷ್ಟು ಮಳೆ ಸುರಿದರೂ ಗಿಡ ಹಸಿರಾಗುತ್ತದೆಯೇ ಹೊರತು ತಪ್ಪಿದ ಕಾಳು ಹುಟ್ಟುವುದಿಲ್ಲ. ಸುಗ್ಗಿಯಲ್ಲಿ ಸಿಪ್ಪೆ ಬಿಚ್ಚಿದಾಗ ಹಲ್ಲುದುರಿದ ಬಾಯಿಯಂಥ ತೆನೆಗಳು ಸಿಗುತ್ತವೆ. ಜೂನ್ ನಡುವಿನಲ್ಲಿ ಬಿತ್ತಿದ ಮೆಕ್ಕೆಜೋಳ ಹೂವಿಗೆ ಬರುವುದು ಎರಡು ತಿಂಗಳ ಆಸುಪಾಸಿನಲ್ಲಿ, ಅಂದರೆ ಆಗಸ್ಟ್ ನಡುವೆ. 2023ರಲ್ಲಿ ಜೂನ್ ಕೈಕೊಟ್ಟದ್ದರಿಂದ ಬಿತ್ತನೆ ಮುಂದೆ ಹೋಗಿತ್ತು. ಹೂವಿನ ಹೊತ್ತು ಆಗಸ್ಟಿನ ಕೊನೆಯ, ಸೆಪ್ಟೆಂಬರಿನ ಮೊದಲ ವಾರಗಳಿಗೆ, ಮಣ್ಣಿನ ತಂಬಿಗೆ ತಳ ಕಂಡಿದ್ದ ಹೊತ್ತಿಗೇ ಬಂದು ಬಿತ್ತು.

ಚಳ್ಳಕೆರೆ, ಪಾವಗಡ, ಶಿರಾ ಕಡೆಯ ಶೇಂಗಾದ ಕಥೆ ಇನ್ನೂ ವಿಚಿತ್ರ. ಇದು ನೆಲದ ಮೇಲೆ ಹೂ ಬಿಟ್ಟು ನೆಲದೊಳಗೆ ಕಾಯಿ ಕಟ್ಟುವ ಬೆಳೆ. ಹೂವಿನಲ್ಲಿ ಫಲೀಕರಣವಾದ ಮೇಲೆ ಅದರ ಬುಡದಿಂದ ಸೂಜಿಯಂಥ ಚೂಪಾದ ತೊಟ್ಟು ಹೊರಟು ಕೆಳಮುಖವಾಗಿ ಬೆಳೆದು ಮಣ್ಣನ್ನು ಚುಚ್ಚಿ ಒಳಹೋಗುತ್ತದೆ. ಅದರ ತುದಿಯೇ ಊದಿಕೊಂಡು ಕಾಯಾಗುತ್ತದೆ. ಮೇಲ್ಮಣ್ಣು ಒಣಗಿ ಹೆಂಟೆಯಂತೆ ಗಟ್ಟಿಯಾಗಿದ್ದರೆ ಸೂಜಿ ಒಳಹೋಗಲಾರದೆ ಗಾಳಿಯಲ್ಲೇ ಒಣಗುತ್ತದೆ. ಒಳಹೋದ ಮೇಲೂ ಒಂದು ತೊಡಕಿದೆ. ಕಾಯಿಗೆ ಬೇಕಾದ ಕ್ಯಾಲ್ಸಿಯಂ ಬೇರಿನ ಮೂಲಕ ಬರುವುದು ತೀರಾ ಕಡಿಮೆ. ಕಾಯಿ ತನ್ನ ಸುತ್ತಲಿನ ಮಣ್ಣಿನಿಂದಲೇ ನೇರವಾಗಿ ಹೀರಿಕೊಳ್ಳಬೇಕು. ಸುತ್ತ ತೇವವಿಲ್ಲದಿದ್ದರೆ ಜಿಪ್ಸಂ ಹಾಕಿದ್ದರೂ ಅದು ಕರಗುವುದಿಲ್ಲ, ಕಾಯಿಗೆ ತಲುಪುವುದಿಲ್ಲ, ಕಾಯಿ ಜೊಳ್ಳಾಗುತ್ತದೆ. ಬಳ್ಳಿ ಮಾತ್ರ ದನಕ್ಕೆ ಮೇವಾಯಿತು ಎಂದು ಆ ಕಡೆಯ ರೈತರು ಬರದ ವರ್ಷಗಳಲ್ಲಿ ಹೇಳುವುದು ಇದನ್ನೇ. ಬೀಜಕ್ಕೆ ಸಾಲ ಮಾಡಿದವನ ಮನೆಯಲ್ಲಿ ಮೇವಿನಿಂದ ಸಾಲ ತೀರುವುದಿಲ್ಲ. ಮಗಳ ಹಾಸ್ಟೆಲ್ ಶುಲ್ಕವೂ ಕಟ್ಟಲಾಗುವುದಿಲ್ಲ.

ಹಾಗಾದರೆ ಆಗಸ್ಟಿನಲ್ಲಿ ಮಳೆ ಸುರಿದಷ್ಟೂ ಒಳ್ಳೆಯದೇ? ಅದೂ ಅಲ್ಲ. ಗದಗ, ಧಾರವಾಡ ಜಿಲ್ಲೆಗಳ ಎರೆ ಹೊಲಗಳಲ್ಲಿ ಜೂನ್ ಮೊದಲಲ್ಲಿ ಹೆಸರು ಬಿತ್ತುತ್ತಾರೆ. ಎರಡು ತಿಂಗಳು ಚಿಲ್ಲರೆ ದಿನಗಳ ಬೆಳೆ. ಆಗಸ್ಟ್ ನಡುವೆ ಕಾಯಿ ಒಣಗಿ ಬಿಡಿಸಲು ಬರುತ್ತದೆ. ಆಗ ಅದಕ್ಕೆ ಬೇಕಾದದ್ದು ಬಿಸಿಲು. ನಾಲ್ಕು ದಿನ ಬಿಡದೆ ಜಿನುಗು ಮಳೆ ಹಿಡಿದರೆ ಕಾಳು ಗಿಡದಲ್ಲಿರುವಾಗಲೇ ಕಾಯಿಯೊಳಗೆ ಮೊಳಕೆಯೊಡೆಯುತ್ತದೆ, ಇಲ್ಲವೆ ಬಣ್ಣಗೆಟ್ಟು ಮಾರುಕಟ್ಟೆಯಲ್ಲಿ ಕೇಳುವವರಿಲ್ಲದಂತಾಗುತ್ತದೆ. ಅಂದರೆ ಒಂದೇ ವಾರದ ಒಂದೇ ಮಳೆ ಹಾವೇರಿಯ ಗೋವಿನಜೋಳದ ಹೊಲಕ್ಕೆ ಜೀವ, ಅಲ್ಲಿಗೆ ಬಲು ದೂರವೇನೂ ಇಲ್ಲದ ಗದಗಿನ ಹೆಸರಿನ ಹೊಲಕ್ಕೆ ನಷ್ಟ. ‘ಒಳ್ಳೆಯ ಮಳೆಯಾಗಿದೆ’ ಎಂಬ ವಾಕ್ಯಕ್ಕೆ ಯಾವ ಬೆಳೆಗೆ, ಅದರ ಎಷ್ಟನೆಯ ದಿನಕ್ಕೆ ಎಂಬುದು ಸೇರದಿದ್ದರೆ ಅರ್ಥವೇ ಪೂರ್ತಿಯಾಗುವುದಿಲ್ಲ.

ಈ ದಿನದ ಲೆಕ್ಕವನ್ನು ಹಳ್ಳಿಯ ಹಿರಿಯರು ತಮ್ಮದೇ ರೀತಿಯಲ್ಲಿ ಇಟ್ಟುಕೊಂಡಿದ್ದರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳಿಗೆ ಆ ನಕ್ಷತ್ರದ ಹೆಸರಿನ ಮಳೆ. ಮೇ ಕೊನೆಯ ರೋಹಿಣಿಯಿಂದ ಹಿಡಿದು ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿಯವರೆಗೆ ಒಂದೊಂದಕ್ಕೂ ಗಾದೆಗಳಿವೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಎನ್ನುತ್ತಾರೆ. ಮಘೆ ಬರುವುದು ಆಗಸ್ಟ್ 17ರ ಸುಮಾರಿನಿಂದ ತಿಂಗಳ ಕೊನೆಯವರೆಗೆ; ಮುಂಗಾರಿನ ದೊಡ್ಡ ಬೆಳೆಗಳು ಹೂವು, ತೆನೆ, ಕಾಯಿಗಳ ಹಂತದಲ್ಲಿರುವ ಪಕ್ಷವದು. ಗಾದೆ ಮಾಡಿದವರಿಗೆ ಪರಾಗ, ರೇಷ್ಮೆ ಎಳೆಗಳ ಹೆಸರು ಗೊತ್ತಿರಲಿಲ್ಲ. ಎಷ್ಟನೆಯ ಪಕ್ಷದಲ್ಲಿ ನೀರು ತಪ್ಪಿದರೆ ಕಣಜ ಬರಿದಾಗುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. 2023ರಲ್ಲಿ ಬಾರದೆ ಹೋದದ್ದು ಇದೇ ಮಘೆ.

ಹಾಗೆಂದು ಗಾದೆಯನ್ನೇ ಪಂಚಾಂಗ ಮಾಡಿಕೊಂಡು ಬಿತ್ತುವುದು ಸರಿಯಲ್ಲ. ನಕ್ಷತ್ರ ಮಳೆಯನ್ನು ತರುವುದಿಲ್ಲ. ಅದು ಬರಿಯ ಗಡಿಯಾರದ ಮುಳ್ಳು. ಆ ಗಡಿಯಾರವೂ ಬಲು ನಿಧಾನವಾಗಿ ತಪ್ಪುತ್ತಿದೆ. ಭೂಮಿಯ ಅಕ್ಷ ತಿರುಗುವ ಬುಗುರಿಯಂತೆ ಓಲಾಡುವುದರಿಂದ ನಕ್ಷತ್ರಗಳ ಲೆಕ್ಕದ ವರ್ಷ ಋತುಗಳ ಲೆಕ್ಕದ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಉದ್ದ. ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನ, ಐನೂರು ವರ್ಷಕ್ಕೆ ಒಂದು ವಾರ. ಐನೂರು ವರ್ಷದ ಹಿಂದೆ ಮಾಡಿದ ಗಾದೆಯಾದರೆ, ಅಂದಿನ ಮಘೆ ಈಗಿನ ಲೆಕ್ಕದಲ್ಲಿ ಆಗಸ್ಟ್ ಹತ್ತಕ್ಕೇ ಶುರುವಾಗುತ್ತಿತ್ತು. ಒಂಬತ್ತು, ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಇದನ್ನು ಲೆಕ್ಕ ಮಾಡಿ ನೋಡಬಹುದು. ಇಪ್ಪತ್ತು ನಿಮಿಷ ಇಪ್ಪತ್ತು ಸೆಕೆಂಡು ಎಂದು ಹಿಡಿದರೆ ಸಾಕು.

ಮಳೆ ನಡುವೆ ಹೀಗೆ ನಿಂತುಬಿಡುವುದೇಕೆ? ಮುಂಗಾರು ಎಂದರೆ ನಾಲ್ಕು ತಿಂಗಳು ಒಂದೇ ಸಮನೆ ಬೀಸುವ ಗಾಳಿಯಲ್ಲ. ಉತ್ತರ ಭಾರತದ ಬಯಲಿನ ಮೇಲೆ, ರಾಜಸ್ಥಾನದ ಕಡೆಯಿಂದ ಬಂಗಾಳ ಕೊಲ್ಲಿಯವರೆಗೆ, ವಾಯುಭಾರ ಕಡಿಮೆಯಿರುವ ಒಂದು ಉದ್ದನೆಯ ಪಟ್ಟಿ ಇರುತ್ತದೆ. ಅದು ತನ್ನ ಜಾಗದಲ್ಲಿದ್ದು ಕೊಲ್ಲಿಯಲ್ಲಿ ಒಂದರ ಹಿಂದೊಂದು ವಾಯುಭಾರ ಕುಸಿತ ಹುಟ್ಟುತ್ತಿದ್ದರೆ ದಖನ್ನಿಗೂ ಮಳೆ. ಆ ಪಟ್ಟಿ ಕೆಲವೊಮ್ಮೆ ಉತ್ತರಕ್ಕೆ ಸರಿದು ಹಿಮಾಲಯದ ತಪ್ಪಲಿಗೆ ಒರಗಿ ನಿಲ್ಲುತ್ತದೆ. ಆಗ ಅಲ್ಲಿ ಜಡಿಮಳೆ, ಇಲ್ಲಿ ಒಣಹವೆ. 2023ರ ಆಗಸ್ಟ್ ನಡುವಿನಲ್ಲಿ ಶಿಮ್ಲಾದಲ್ಲಿ ಗುಡ್ಡ ಕುಸಿದು ಜನ ಸತ್ತ ದಿನಗಳಲ್ಲೇ ಚಿತ್ರದುರ್ಗದ ಹೊಲಗಳು ಒಣಗುತ್ತಿದ್ದವು. ಎರಡೂ ಒಂದೇ ಕಾರಣದ ಎರಡು ಮುಖ. ದೇಶದ ಮಟ್ಟದಲ್ಲಿ ಅದು 1901ರಿಂದ ದಾಖಲಾದ ಆಗಸ್ಟ್‌ಗಳಲ್ಲೇ ಅತ್ಯಂತ ಒಣ ಆಗಸ್ಟ್.

ಆ ವರ್ಷ ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ ಬೆಳೆಯುತ್ತಿತ್ತು. ಪೆರು ದೇಶದ ಕಡಲ ಕಡೆಯ ನೀರು ಬಿಸಿಯಾದರೆ ಭಾರತದ ಮುಂಗಾರು ದುರ್ಬಲವಾಗುವ ಸಂಭವ ಹೆಚ್ಚು. ಸಂಭವ ಎಂಬ ಮಾತನ್ನು ಅಡಿಗೆರೆ ಎಳೆದು ಓದಬೇಕು. 1997ರಲ್ಲಿ ಶತಮಾನದ ಪ್ರಬಲ ಎಲ್ ನಿನೊಗಳಲ್ಲೊಂದು ಇದ್ದರೂ ದೇಶದ ಮಳೆ ವಾಡಿಕೆಯಷ್ಟೇ ಬಿತ್ತು. 2002ರಲ್ಲಿ ಅದಕ್ಕಿಂತ ಸಾಧಾರಣವಾದದ್ದಿದ್ದರೂ ಜುಲೈ ಮಳೆ ಅರ್ಧಕ್ಕಿಳಿಯಿತು. ಋತುವಿನ ಮೊದಲೇ ಹೊರಡುವ ಮುನ್ಸೂಚನೆ ಹೇಳುವುದು ನಾಲ್ಕು ತಿಂಗಳ ಒಟ್ಟು ಮೊತ್ತವನ್ನು ಕುರಿತು. ಆಗಸ್ಟಿನ ಯಾವ ಪಕ್ಷ ಒಣಗುತ್ತದೆ ಎಂದು ಮೇ ತಿಂಗಳಲ್ಲಿ ಹೇಳುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ಹೇಳುತ್ತೇವೆ ಎನ್ನುವ ವಾಟ್ಸ್‌ಆ್ಯಪ್ ಸಂದೇಶಗಳು ಬಂದರೆ ನಂಬದಿರುವುದೇ ಲೇಸು.

ಹೇಳಲಾಗದ್ದನ್ನು ಎದುರಿಸಲು ಬಯಲುಸೀಮೆಯ ರೈತ ಕಂಡುಕೊಂಡ ಉಪಾಯ ಒಂದೇ ಹೊಲದಲ್ಲಿ ಬೇರೆ ಬೇರೆ ಗಡಿಯಾರಗಳನ್ನು ಇಡುವುದು. ರಾಗಿಯ ಹೊಲದಲ್ಲಿ ನಾಲ್ಕಾರು ಸಾಲಿಗೊಂದು ಅಕ್ಕಡಿ ಸಾಲು; ಅದರಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಹರಳು. ಇವು ಒಂದೇ ದಿನ ಹೂ ಬಿಡುವುದಿಲ್ಲ, ಇವುಗಳ ಬೇರೂ ಒಂದೇ ಆಳಕ್ಕೆ ಇಳಿಯುವುದಿಲ್ಲ. ಆಗಸ್ಟ್ ಒಣಗಿದರೆ ರಾಗಿ ಸೊರಗೀತು, ತೊಗರಿ ಉಳಿದೀತು. ರಾಗಿಯೂ ಅಷ್ಟು ಬೇಗ ಸೋಲುವ ಬೆಳೆಯಲ್ಲ. ನೀರಿಲ್ಲದಾಗ ಎಲೆ ಮಡಿಸಿ ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ. ಮಳೆ ಬಂದ ಮೇಲೆ ಹೊಸ ತೆಂಡೆ ಒಡೆದು ತೆನೆ ಹೊರಡಿಸುತ್ತದೆ. ಮೆಕ್ಕೆಜೋಳಕ್ಕೆ ಒಂದು ಕಾಂಡ, ಒಂದೆರಡು ತೆನೆ, ಒಂದೇ ಅವಕಾಶ. ರಾಗಿಗೆ ಹಲವು ಕಾಂಡ, ಹಲವು ಅವಕಾಶ. ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದ ಮಂಡ್ಯದ ಲಕ್ಷ್ಮಣಯ್ಯನವರ ಕೆಲಸದಿಂದ ಇಳುವರಿ ಹೆಚ್ಚಿತು. ಕಾಯುವ ಗುಣ ರಾಗಿಗೆ ಮೊದಲಿನಿಂದಲೂ ಇತ್ತು. ಹೆಚ್ಚು ಲಾಭದ ಆಸೆಗೆ ರಾಗಿ, ಜೋಳದ ಹೊಲಗಳು ಮೆಕ್ಕೆಜೋಳಕ್ಕೆ ತಿರುಗಿದಾಗ ಈ ಕಾಯುವ ಗುಣವನ್ನೂ ರೈತ ಕೈಬಿಟ್ಟ. ಆ ನಷ್ಟ ಒಳ್ಳೆಯ ಮಳೆಯ ವರ್ಷಗಳಲ್ಲಿ ಕಾಣುವುದಿಲ್ಲ.

ಎರೆ ನಾಡಿನ ಉಪಾಯ ಬೇರೆ. ಅಲ್ಲಿ ದೊಡ್ಡ ತಂಬಿಗೆಯಿದೆ. ವಿಜಯಪುರದ ಕಡೆ ಮುಂಗಾರಿನಲ್ಲಿ ಎಷ್ಟೋ ಹೊಲಗಳನ್ನು ಖಾಲಿ ಬಿಟ್ಟು, ಹರಗಿ, ಬದು ಕಟ್ಟಿ, ಬಿದ್ದ ಮಳೆಯನ್ನೆಲ್ಲ ಮಣ್ಣಿಗೇ ಕುಡಿಸುತ್ತಾರೆ. ಉತ್ತರೆ, ಹಸ್ತದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದೊಳಗೆ, ಹಿಂಗಾರಿ ಬಿಳಿಜೋಳ ಬಿತ್ತುತ್ತಾರೆ. ಆಮೇಲೆ ಮಳೆ ಬಂದರೆ ಸಂತೋಷ, ಸ್ವಾತಿ ಮಳೆ ಬಂದರೆ ಮುತ್ತಿನಂಥ ಜೋಳ. ಬರದಿದ್ದರೂ ಬೆಳೆ ಮಣ್ಣಿನಲ್ಲಿ ಕೂಡಿಟ್ಟ ನೀರಿನಿಂದಲೇ ಬದುಕುತ್ತದೆ. ಚಳಿಗಾಲದ ಬಿಸಿಲು ಮೃದು, ದಿನದ ಖರ್ಚೂ ಕಡಿಮೆ. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಆಳೆತ್ತರ ನಿಂತಿರುವ ಜೋಳ ತಿಂಗಳುಗಳ ಹಿಂದೆ ಬಿದ್ದ ಮಳೆಯನ್ನು ಕುಡಿಯುತ್ತಿರುತ್ತದೆ. ಆದರೆ ತಂಬಿಗೆಯೇ ತುಂಬದಿದ್ದರೆ ಈ ಉಪಾಯವೂ ಸಾಗದು. 2023ರಲ್ಲಿ ಹಿಂಗಾರೂ ಕೈಕೊಟ್ಟಿತು.

ಕಲಬುರಗಿಯ ತೊಗರಿಗೆ ಕಷ್ಟ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಇದರ ಬೇರು ಆಳಕ್ಕಿಳಿಯುವುದರಿಂದ ಬಾಯಾರಿಕೆ ತಡೆಯಬಲ್ಲದು. ನಿಂತ ನೀರನ್ನು ತಡೆಯಲಾರದು. ಎರೆ ಮಣ್ಣು ತುಂಬಿ ನೀರು ನಿಂತರೆ ಬೇರಿಗೆ ಆಮ್ಲಜನಕ ಸಿಗದೆ ಎರಡು ಮೂರು ದಿನದಲ್ಲೇ ಗಿಡ ಹಳದಿಯಾಗುತ್ತದೆ. 2025ರ ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಅತಿಮಳೆ ಸುರಿದು ಭೀಮಾ ಉಕ್ಕಿ ಹರಿದಾಗ ಆದದ್ದು ಇದು. ಎರಡೇ ವರ್ಷದ ಹಿಂದೆ ಇದೇ ತಿಂಗಳಲ್ಲಿ ಆಕಾಶ ನೋಡುತ್ತ ಕುಳಿತಿದ್ದ ಜಿಲ್ಲೆಯದು.

ಘಟ್ಟದ ಮೇಲಿನ ಮಲೆನಾಡಿನಲ್ಲಂತೂ ಮಳೆ ಸಾಲದು ಎಂಬ ಮಾತೇ ಅಪರೂಪ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ.ಗೂ ಹೆಚ್ಚು ಬಿದ್ದರೆ, ಅಲ್ಲಿಂದ ನೇರ ದಾರಿಯಲ್ಲಿ ಇನ್ನೂರು ಕಿಲೋಮೀಟರ್ ಕೂಡ ಇಲ್ಲದ ಚಳ್ಳಕೆರೆಗೆ ಐನೂರರ ಆಸುಪಾಸು. ಆದರೆ ದಿನದ ಲೆಕ್ಕ ಅಲ್ಲಿಯೂ ತಪ್ಪಿದ್ದಲ್ಲ. ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಯಬೇಕು. ಹೊಡೆದದ್ದು ಒಣಗಿ ಅಂಟಿಕೊಳ್ಳಲು ಮಳೆ ಕೆಲವು ಗಂಟೆಯಾದರೂ ಹೊಳವಾಗಬೇಕು. ಬಯಲುಸೀಮೆಯವನು ಮಳೆಯ ದಿನಕ್ಕೆ ಕಾದರೆ ಮಲೆನಾಡಿನವನು ಹೊಳವಿನ ದಿನಕ್ಕೆ ಕಾಯುತ್ತಾನೆ.

ಸರ್ಕಾರದ ಲೆಕ್ಕವೂ ಈಗ ಒಟ್ಟು ಮೊತ್ತವನ್ನಷ್ಟೇ ನೆಚ್ಚಿಲ್ಲ ಎಂಬುದು ಸಮಾಧಾನದ ಸಂಗತಿ. ಕೇಂದ್ರ ಸರ್ಕಾರದ 2016ರ ಬರ ಕೈಪಿಡಿಯಲ್ಲಿ ಶುಷ್ಕ ಅವಧಿಗೆ ಪ್ರತ್ಯೇಕ ಸ್ಥಾನವಿದೆ: ಮುಂಗಾರು ಬರಬೇಕಾದ ದಿನದ ನಂತರ ಮೂರು ನಾಲ್ಕು ವಾರ ಸತತವಾಗಿ, ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾಗಿದ್ದರೆ ಅದು ಬರದ ಸೂಚಕ. ಇದನ್ನು ಅಳೆಯಲು ವಾರವಾರದ, ಊರೂರಿನ ಅಂಕಿ ಬೇಕು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳಿವೆ. ಆದರೂ ಮುಂಗಾರು ಮಳೆ ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲ ಬಿಟ್ಟುಹೋಗುವುದನ್ನು ಯಾವ ಜಾಲವೂ ಪೂರ್ತಿ ಹಿಡಿಯಲಾರದು. ನಿಮ್ಮ ಮನೆಯ ಮಳೆಯನ್ನು ನೀವೇ ಅಳೆಯಬೇಕು.

ಇದಕ್ಕೆ ಖರ್ಚೇನೂ ಇಲ್ಲ. ಬುಡದಿಂದ ಮೇಲಿನವರೆಗೆ ಒಂದೇ ಅಗಲವಿರುವ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಬಾಯಿಗೆ ಕೂರಿಸಿ. ಬಾಟಲಿಯ ತಳ ಸಮವಾಗಿರುವುದಿಲ್ಲ. ಗುಳಿಬಿದ್ದ ಭಾಗಕ್ಕೆ ಸಣ್ಣ ಕಲ್ಲು ಹಾಕಿ, ನೀರು ತುಂಬಿಸಿ, ಆ ಮಟ್ಟಕ್ಕೆ ಸೊನ್ನೆ ಎಂದು ಗುರುತು ಮಾಡಿ, ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಬಿಸಿಲಿಗೆ ಆ ನೀರು ಆರಿದಾಗಲೆಲ್ಲ ಮತ್ತೆ ಸೊನ್ನೆಯವರೆಗೆ ತುಂಬಿಸಬೇಕು. ಬಾಟಲಿಯ ಅಗಲ ಎಷ್ಟಿದ್ದರೂ ಚಿಂತೆಯಿಲ್ಲ. ಬಾಯಿಯೂ ಒಡಲೂ ಒಂದೇ ಅಗಲವಾದರೆ ನೀರಿನ ಎತ್ತರವೇ ಮಳೆಯ ಅಳತೆ. ಏಕೆ ಎಂಬುದನ್ನು ಸಿಲಿಂಡರಿನ ಘನಫಲದ ಸೂತ್ರದಿಂದ ಮಕ್ಕಳೇ ಸಾಧಿಸಲಿ. ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡರಷ್ಟು ದೂರದಲ್ಲಿ ಇಡಬೇಕು. ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದುಕೊಳ್ಳಬೇಕು. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನವನ್ನು ಮಾತ್ರ ಇಲಾಖೆ ಮಳೆಯ ದಿನ ಎಂದು ಎಣಿಸುತ್ತದೆ.

ನೋಟ್‌ಬುಕ್ಕಿನಲ್ಲಿ ತಾರೀಕು, ಮಿಲಿಮೀಟರು ಬರೆಯಲು ಎರಡು ಕಾಲಂ ಸಾಕು. ಊರಿನಲ್ಲಿ ಹೊಲವಿದ್ದವರು ಮೂರನೆಯದೊಂದು ಎಳೆದು ಬಿತ್ತಿ ಎಷ್ಟನೆಯ ದಿನ ಎಂದು ಬರೆದುಕೊಳ್ಳಲಿ. ಮಳೆ ಬಾರದ ದಿನ ಪುಟವನ್ನು ಖಾಲಿ ಬಿಡಬಾರದು, ಸೊನ್ನೆ ಬರೆಯಬೇಕು. ಖಾಲಿ ಎಂದರೆ ನೋಡಲಿಲ್ಲ ಎಂದರ್ಥ. ಸೊನ್ನೆ ಎಂದರೆ ನೋಡಿದೆ, ಬೀಳಲಿಲ್ಲ ಎಂದರ್ಥ. ಸುಗ್ಗಿಯ ಹೊತ್ತಿಗೆ ತಾತನಿಗೆ ತೋರಿಸಬೇಕಾದದ್ದು ಆ ಸೊನ್ನೆಗಳ ಸಾಲನ್ನೇ.